ಶಾಸನದಲ್ಲಿ ‘ಬೆಳ್ವೊಲ ಮುನ್ನೂರು’ ಸಿಕ್ಕರೆ ಹೇಗೆ ಓದಬೇಕು, ಎಲ್ಲಿ ಬಳಸಬೇಕು

ಗದಗ, ಅಣ್ಣಿಗೇರಿ, ನರೇಗಲ್, ಕುಕನೂರು ಕಡೆಯವರು ಊರಿನ ಇತಿಹಾಸ ಬರೆಯಲು ಕೂತರೆ ಮೊದಲ ಪುಟದಲ್ಲೇ ‘ಬೆಳ್ವೊಲ’ ಬರುತ್ತದೆ. ಜಾತ್ರೆಯ ಪುಸ್ತಕ, ಗುಡಿ ಮುಂದಿನ ಫಲಕ, ಶಾಲೆಯ ಸ್ಮರಣ ಸಂಚಿಕೆ, ಎಲ್ಲದರಲ್ಲೂ. ಆದರೆ ಬಹಳ ಕಡೆ ಹಳೇ ಕಾಲದ ಆಡಳಿತದ ವಿಭಾಗವಾಗಿದ್ದ ಬೆಳ್ವೊಲ ನಾಡನ್ನೂ ಇವತ್ತು ನಾವು ಬೆಳವಲ ಅನ್ನೋ ಸೀಮೆಯನ್ನೂ ಒಂದೇ ಅಂತ ಬರೆದುಬಿಡುತ್ತಾರೆ. ಎರಡಕ್ಕೂ ನಂಟು ಇದೆ, ಆದರೆ ಒಂದೇ ಅಲ್ಲ.

ಮೊದಲು ಹೆಸರನ್ನು ಗುರುತು ಹಿಡಿಯಿರಿ. ಬೆಳ್ವೊಲ, ಬೆಳ್ವಲ, ಬೆಳುವೊಲ ಅಂತ ಬೇರೆ ಬೇರೆ ರೂಪಗಳಲ್ಲಿ ಸಿಗುತ್ತದೆ. ಕೊನೆಯ ‘ವೊಲ’ ಅಂದರೆ ಪೊಲ, ನಮ್ಮ ಹೊಲವೇ. ಬೆಳೆ ತುಂಬಿದ ಹೊಲ ಅನ್ನೋದು ಹೆಚ್ಚು ಜನ ಒಪ್ಪಿದ ಅರ್ಥ. ಮುಳಗುಂದದ ಶಾಸನದಲ್ಲಿ ಬರುವ ‘ಧವಳ ವಿಷಯ’ ಇದರದ್ದೇ ಸಂಸ್ಕೃತ ರೂಪ ಅಂತ ಹೇಳುವ ವಿದ್ವಾಂಸರೂ ಇದ್ದಾರೆ, ಅವರು ‘ಬೆಳ್’ ಅನ್ನು ಬಿಳಿ ಅಂತ ಓದುತ್ತಾರೆ. ಫಲಕಕ್ಕೆ ಬರೆಯುವಾಗ ಮೊದಲನೇ ಅರ್ಥ ಕೊಟ್ಟರೆ ಸಾಕು.

ಆಮೇಲೆ ಪಕ್ಕದ ಸಂಖ್ಯೆ ನೋಡಿ. ‘ಮೂನೂಱು’ ಅಂದರೆ ಮುನ್ನೂರು. ಆ ‘ಱ’ ಈಗ ಬಳಕೆಯಲ್ಲಿಲ್ಲದ ಹಳೇ ಅಕ್ಷರ. ಈ ಸಂಖ್ಯೆ ಊರುಗಳ ಲೆಕ್ಕವೋ, ಕಂದಾಯದ್ದೋ ಅನ್ನೋ ವಾದ ಇನ್ನೂ ಮುಗಿದಿಲ್ಲ. ಚಿಕ್ಕ ಸಂಖ್ಯೆಗಳಿಗೆ ಊರಿನ ಲೆಕ್ಕ ಹೊಂದುತ್ತದೆ ಅಂತ ನನಗೂ ಅನಿಸುತ್ತದೆ, ಆದರೆ ಗಂಗರ ನಾಡಾದ ಗಂಗವಾಡಿಗೆ 96,000 ಅಂದಾಗ ಆ ಲೆಕ್ಕ ನಿಲ್ಲುವುದಿಲ್ಲ, ಅಷ್ಟು ಊರು ಎಲ್ಲಿಂದ ಬರಬೇಕು ಅಲ್ವಾ? ಹಾಗಾಗಿ ‘ಬೆಳ್ವೊಲ–300’ ಅಂತ ಇದ್ದ ಹಾಗೇ ಬರೆಯಿರಿ, ‘300 ಹಳ್ಳಿಗಳ ನಾಡು’ ಅಂತ ಖಚಿತವಾಗಿ ಹೇಳಬೇಡಿ. ಒಂದರೊಳಗೆ ಇನ್ನೊಂದು ಇರುವುದೂ ಉಂಟು: ಬೆಳ್ವೊಲ–300ರ ಒಳಗೆ ನರೆಯಂಗಲ್–12, ಅಂದರೆ ಇಂದಿನ ನರೇಗಲ್ ಸುತ್ತಲಿನ ಭಾಗ. ‘ಒಳಗಣ’, ‘ಬಳಿಯ’ ಅನ್ನೋ ಪದ ಕಂಡರೆ ಯಾವುದು ದೊಡ್ಡದು, ಯಾವುದು ಚಿಕ್ಕದು ಅಂತ ತಿಳಿಯುತ್ತದೆ. ‘ಎರಡಱುನೂಱು’ ಅಂತ ಬಂದರೆ ಗಾಬರಿ ಬೇಡ. ಬೆಳ್ವೊಲ–300, ಪುಲಿಗೆರೆ–300 (ಅಂದರೆ ಲಕ್ಷ್ಮೇಶ್ವರದ ಕಡೆ) ಎರಡೂ ಸೇರಿ ಆರುನೂರು, ಅಷ್ಟೇ. ಇವೆರಡನ್ನೂ ಒಬ್ಬನೇ ಅಧಿಕಾರಿ ನೋಡಿಕೊಳ್ಳುತ್ತಿದ್ದದ್ದು ಜಾಸ್ತಿ, ಅದಕ್ಕೇ ಜೋಡಿ ಹೆಸರು.

ನಿಮ್ಮ ನಾಡಿನ ಸುದ್ದಿ ನಿಮ್ಮ ಊರಿನ ಕಲ್ಲಿನಲ್ಲೇ ಇರಬೇಕು ಅಂತೇನಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲನ್ನೇ ನೋಡಿ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹಂದಿಯ ಜೊತೆ ಕಾದಾಡಿ ಸತ್ತ ಕಾಳಿ ಅನ್ನೋ ನಾಯಿಯ ನೆನಪಿಗೆ ನಿಲ್ಲಿಸಿದ್ದು, ಕಲ್ಲಿನ ಮೇಲೆ ನಾಯಿ ಹಂದಿ ಎರಡೂ ಇವೆ. ಅದರಲ್ಲೇ ಈಗಿನ ತಮಿಳುನಾಡಿನ ತಕ್ಕೋಲದ ಯುದ್ಧದ ಮಾತು ಬರುತ್ತದೆ: ಚೋಳ ರಾಜಾದಿತ್ಯನನ್ನು ಕೊಂದ ಗಂಗ ಬೂತುಗನಿಗೆ ರಾಷ್ಟ್ರಕೂಟ ಮೂರನೇ ಕೃಷ್ಣ ಬನವಾಸಿ–12,000, ಬೆಳ್ವೊಲ–300, ಪುರಿಗೆರೆ–300 (ಮೇಲೆ ಹೇಳಿದ ಪುಲಿಗೆರೆಯೇ), ಕಿಸುಕಾಡು–70, ಬಾಗೆನಾಡು–70 ಇಷ್ಟನ್ನೂ ಕೊಟ್ಟ. ಕಾಲ ಶಕ 872. ಶಕ ವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತ ಶಕ ಹತ್ತಿರ ಹತ್ತಿರ ಸಿಗುತ್ತದೆ, ಒಂದು ವರ್ಷ ಆಚೀಚೆ ಆಗಬಹುದು. ಇದನ್ನು 949–50 ಅಂತ ಬರೆಯುತ್ತಾರೆ.

ಇನ್ನು ಇವತ್ತಿನ ಬೆಳವಲ. ಧಾರವಾಡದಿಂದ ಪಶ್ಚಿಮಕ್ಕೆ ಮಲ್ಲಾಡ, ಪೂರ್ವಕ್ಕೆ ನವಲಗುಂದ, ನರಗುಂದ, ರೋಣದ ಕಡೆ ಬೆಳವಲ. ಎರೆಭೂಮಿ, ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬಿ. ಇಲ್ಲಿ ಬೆಳವಲ ಅಂದರೆ ನೆಲದ ಗುಣ, ಬೆಳೆಯ ಗುಣ. ಗಡಿ ಇಲ್ಲ, ಅಧಿಕಾರಿ ಇಲ್ಲ, ಸಂಖ್ಯೆನೂ ಇಲ್ಲ. ಹೀಗಾಗಿ ಎರೆಹೊಲ ಇದೆ ಅಂದ ಮಾತ್ರಕ್ಕೆ ನಿಮ್ಮೂರು ಬೆಳ್ವೊಲ–300ರಲ್ಲಿ ಇತ್ತು ಅಂತ ಆಗುವುದಿಲ್ಲ, ಅದಕ್ಕೆ ಶಾಸನ ಬೇಕು. ಡಂಬಳವನ್ನೇ ತಗೊಳ್ಳಿ, ಗದಗಿಗೆ ಹತ್ತಿರವೇ ಇದೆ, ಆದರೆ ಶಾಸನಗಳ ಪ್ರಕಾರ ಅದು ಮಾಸವಾಡಿ–140ಕ್ಕೆ ಸೇರಿದ್ದು.

ಜಿಲ್ಲೆಯ ಹೆಸರಿಗೂ ಇದನ್ನು ಅಂಟಿಸಬೇಡಿ. ‘ಬೆಳ್ವೊಲ ಅಂದರೆ ಈಗಿನ ಗದಗ ಜಿಲ್ಲೆ’ ಅಂತ ಬರೆದರೆ ಧಾರವಾಡ ಜಿಲ್ಲೆಯ ಅಣ್ಣಿಗೇರಿ, ಕೊಪ್ಪಳ ಜಿಲ್ಲೆಯ ಕುಕನೂರು ಎರಡೂ ಹೊರಗೆ ಉಳಿದುಹೋಗುತ್ತವೆ. ಕಾಲ, ಅರಸು, ಊರು ಮೂರನ್ನೂ ಜೊತೆಗಿಟ್ಟು ಬರೆಯಿರಿ: ‘ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಲೊಕ್ಕಿಗುಂಡಿ, ಅಂದರೆ ಇಂದಿನ ಲಕ್ಕುಂಡಿ, ಬೆಳ್ವೊಲ–300ರಲ್ಲಿತ್ತು.’ ಮಣ್ಣು, ಬೆಳೆ, ಊಟದ ಬಗ್ಗೆ ಬರೆಯುವಾಗ ಸಂಖ್ಯೆ ಬಿಟ್ಟು ‘ಬೆಳವಲ’ ಅನ್ನಿ.

ಶಾಸನದ ಪಾಠ ಹುಡುಕುವವರು ಎಪಿಗ್ರಾಫಿಯಾ ಕರ್ನಾಟಿಕಾ ಅನ್ನೋ ಶಾಸನ ಸಂಪುಟಗಳಲ್ಲೇ ಸುಮ್ನೆ ತಿರುಗಬೇಡಿ, ಅದು ಮುಖ್ಯವಾಗಿ ಹಳೇ ಮೈಸೂರಿನದು. ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಅನ್ನೋ ಇನ್ನೊಂದು ಮಾಲೆಯ 11 ಮತ್ತು 15ನೇ ಸಂಪುಟ ತೆಗೆಯಿರಿ, ಬಾಂಬೆ ಕರ್ನಾಟಕದ ಶಾಸನಗಳು ಅಲ್ಲಿವೆ. ಸಂಪುಟದ ಕೊನೆಯಲ್ಲಿರುವ ಸೂಚಿಯಲ್ಲಿ ಊರಿನ ಈಗಿನ ಹೆಸರು, ಹಳೇ ಹೆಸರು ಎರಡನ್ನೂ ನೋಡಿ.