ಕೊಡಗಿನ ಮನೆಯಿಂದಲೇ ಗೇಮ್ ಮಾಡಿ ಹಣ ಗಳಿಸುವ ಬಗೆ

ಕಾಫಿ ಮಾರಿದ ಮನೆಯವರಿಗೆಲ್ಲ ಔಟ್‌ಟರ್ನ್ ಎಂಬ ಮಾತು ಗೊತ್ತಿರುತ್ತದೆ. 50 ಕಿಲೋ ಚೆರ್ರಿಯ ಚೀಲ ತೂಗಿಸಿದ ಮಾತ್ರಕ್ಕೆ 50 ಕಿಲೋ ಕಾಫಿಯ ಹಣ ಕೈಗೆ ಬರುವುದಿಲ್ಲ; ಸಿಪ್ಪೆ ಹೋಗಿ ಬೀಜ ಎಷ್ಟು ಇಳಿಯುತ್ತದೆಂದು ಸ್ಯಾಂಪಲ್ ತೆಗೆದು ನೋಡಿ, ಅದರ ಮೇಲೆ ವ್ಯಾಪಾರಿ ಬೆಲೆ ಕಟ್ಟುತ್ತಾನೆ. ಸ್ವಂತವಾಗಿ ವಿಡಿಯೊ ಗೇಮ್ ಮಾಡಿ ಬದುಕಬೇಕೆಂದು ಹೊರಟವರು ಕೋಡ್ ಬರೆಯುವುದಕ್ಕೂ ಮೊದಲು ಕಲಿಯಬೇಕಾದದ್ದು ಈ ಲೆಕ್ಕವನ್ನೇ. ನಾನು ಅದನ್ನು ಕಲಿತದ್ದು ತಡವಾಗಿ, ಮೂರು ವರ್ಷಗಳ ದುಡಿಮೆಯನ್ನು ಅರ್ಧಕ್ಕೆ ಬಿಟ್ಟ ಮೇಲೆ. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಯ ಕಡೆಯಿಂದ ಈಗ ಶುರು ಮಾಡುವವರಿಗೆ ಹಾಗಾಗಬಾರದು ಎಂಬ ಕಾಳಜಿಯಿಂದ ಇದನ್ನು ಬರೆಯುತ್ತಿದ್ದೇನೆ.

ಒಂದು ಪ್ರತಿಯ ಔಟ್‌ಟರ್ನ್

ಕಂಪ್ಯೂಟರಿನಲ್ಲಿ ಆಡುವ ಗೇಮ್‌ಗಳ ದೊಡ್ಡ ಅಂಗಡಿ ಸ್ಟೀಮ್. ಅಲ್ಲಿ ಒಂದು ಗೇಮ್ ಇಡಲು 100 ಡಾಲರ್ ಕಟ್ಟಬೇಕು. ಮಾರಾಟ 1,000 ಡಾಲರ್ ದಾಟಿದರೆ ಆ ಹಣ ಮರಳಿ ಬರುತ್ತದೆ. ನಿಮ್ಮ ಗೇಮ್‌ಗೆ 10 ಡಾಲರ್ ಬೆಲೆ ಇಟ್ಟಿದ್ದೀರಿ, ಅಮೆರಿಕದಲ್ಲಿರುವ ಒಬ್ಬರು ಅದನ್ನು ಶೇ 20ರ ರಿಯಾಯಿತಿಯಲ್ಲಿ 8 ಡಾಲರಿಗೆ ಕೊಂಡರು ಎಂದಿಟ್ಟುಕೊಳ್ಳಿ. ಸ್ಟೀಮ್ ತನ್ನ ಶೇ 30ರ ಪಾಲು ಹಿಡಿದುಕೊಂಡ ಮೇಲೆ 5 ಡಾಲರ್ 60 ಸೆಂಟ್ ಉಳಿಯುತ್ತದೆ. ಅಮೆರಿಕದ ಗ್ರಾಹಕರಿಂದ ಬಂದ ಹಣದಲ್ಲಿ ನಿಮ್ಮ ಪಾಲಿನ ಮೇಲೆ ಅಲ್ಲಿನ ತೆರಿಗೆ ಮೊದಲೇ ಮುರಿದುಕೊಳ್ಳಲಾಗುತ್ತದೆ. ಭಾರತ ಮತ್ತು ಅಮೆರಿಕದ ನಡುವಿನ ತೆರಿಗೆ ಒಪ್ಪಂದದ ಪ್ರಕಾರ ಅದು ಶೇ 15. ಅದೂ ಹೋದರೆ 4 ಡಾಲರ್ 76 ಸೆಂಟ್. ಸಾವಿರ ಪ್ರತಿ ಹೀಗೆ ಮಾರಿದರೆ 4,760 ಡಾಲರ್. ಒಂದೂವರೆ ವರ್ಷ ದುಡಿದು ಮಾಡಿದ ಗೇಮ್ ಆದರೆ ತಿಂಗಳಿಗೆ ಸುಮಾರು 264 ಡಾಲರ್.

ಇದರಲ್ಲಿ ವಾಪಸಾತಿಯ ಲೆಕ್ಕ ಇನ್ನೂ ಸೇರಿಲ್ಲ. ಕೊಂಡ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಕಾರಣ ಕೊಡದೆಯೂ ಹಣ ಹಿಂದಕ್ಕೆ ಪಡೆಯುವ ಹಕ್ಕು ಗ್ರಾಹಕರಿಗಿದೆ. ಭಾರತದ ಗ್ರಾಹಕರಿಗೆ ಇಡುವ ಬೆಲೆ ಸಾಮಾನ್ಯವಾಗಿ ಅಮೆರಿಕದ ಬೆಲೆಯ ಅರ್ಧದ ಆಸುಪಾಸಿನಲ್ಲಿರುತ್ತದೆ. ಆದ್ದರಿಂದ ಹಾಕಿದ ಬೆಲೆಯ ಅರ್ಧವೂ ಕೈಗೆ ಸಿಗುವುದಿಲ್ಲ ಎಂದು ಒಪ್ಪಿಕೊಂಡು, ಮನೆ ನಡೆಯಲು ವರ್ಷಕ್ಕೆ ಎಷ್ಟು ಬೇಕೋ ಅದನ್ನು ಒಂದು ಪ್ರತಿಯಿಂದ ಕೈಗೆ ಬರುವ ಹಣದಿಂದ ಭಾಗಿಸಿ, ಎಷ್ಟು ಪ್ರತಿ ಮಾರಬೇಕೆಂದು ಒಂದು ಕಾಗದದ ಮೇಲೆ ಬರೆಯಿರಿ. ಆ ಸಂಖ್ಯೆ ನಿಮ್ಮನ್ನು ಹೆದರಿಸಿದರೆ ಗೇಮ್ ಚಿಕ್ಕದಾಗಬೇಕು, ಇಲ್ಲವೇ ಬೇರೆ ಆದಾಯ ಜೊತೆಗಿರಬೇಕು. ಎರಡೂ ಇದ್ದರೆ ಇನ್ನೂ ಒಳ್ಳೆಯದು.

ಬೇರೆ ಅಂಗಡಿಗಳೂ ಇವೆ. ಇಚ್.ಐಒದಲ್ಲಿ ಅಂಗಡಿಗೆ ಎಷ್ಟು ಪಾಲು ಕೊಡಬೇಕೆಂಬುದನ್ನು ಮಾರುವವರೇ ನಿರ್ಧರಿಸಬಹುದು; ಜನಸಂದಣಿ ಕಡಿಮೆ, ಆದರೆ ಮೊದಲ ಪ್ರಯೋಗಗಳನ್ನು ಇಟ್ಟು ನೋಡಲು ಅದಕ್ಕಿಂತ ಅನುಕೂಲದ ಜಾಗ ನಾನು ಕಂಡಿಲ್ಲ. ಗೂಗಲ್ ಪ್ಲೇಯಲ್ಲಿ ಒಮ್ಮೆ 25 ಡಾಲರ್ ಕಟ್ಟಿದರೆ ಸಾಕು, ವರ್ಷದ ಮೊದಲ 10 ಲಕ್ಷ ಡಾಲರ್ ಆದಾಯದವರೆಗೆ ಅವರ ಪಾಲು ಶೇ 15 ಮಾತ್ರ. ಆದರೆ ಮೊಬೈಲಿನಲ್ಲಿ ಹಣ ಕೊಟ್ಟು ಗೇಮ್ ಕೊಳ್ಳುವವರು ಅಪರೂಪ. ಜಾಹೀರಾತಿನಿಂದ ಬರುವ ಕಾಸು ಲಕ್ಷಾಂತರ ಜನ ದಿನವೂ ಆಡಿದಾಗ ಮಾತ್ರ ಲೆಕ್ಕಕ್ಕೆ ಬರುತ್ತದೆ. ಒಬ್ಬರೇ ಕೆಲಸ ಮಾಡುವವರು ಕಂಪ್ಯೂಟರಿನ ಗೇಮ್‌ನಿಂದ ಶುರು ಮಾಡುವುದೇ ಲೇಸು ಎಂಬುದು ನನ್ನ ಅಭಿಪ್ರಾಯ.

ಎಷ್ಟು ದೊಡ್ಡ ಗೇಮ್, ಯಾವ ಉಪಕರಣ

ನಾನು ಅರ್ಧಕ್ಕೆ ಬಿಟ್ಟ ಗೇಮ್ ಒಂದು ಐನ್‌ಮನೆಯ, ಅಂದರೆ ಕೊಡವ ಮನೆತನದ ಮೂಲಮನೆಯ, ನಾಲ್ಕು ತಲೆಮಾರಿನ ಕಥೆ. ಅದಕ್ಕೆ ಬೇಕಿದ್ದ ಚಿತ್ರಗಳನ್ನು ಎಣಿಸಿಯೇ ಇರಲಿಲ್ಲ. ಆಮೇಲೆ ಮಾಡಿದ್ದು ಕಣದಲ್ಲಿ ಹರಡಿದ ಕಾಫಿಯನ್ನು ಮೋಡ ಕವಿಯುವುದರೊಳಗೆ ರಾಶಿ ಮಾಡಿ ಟಾರ್ಪಾಲು ಹೊದಿಸುವ ಸಣ್ಣ ಗೇಮ್. ಒಂದೇ ಅಂಗಳ, ಒಂದು ಗೋರೆಮಣೆ, ದೂರದ ಬೆಟ್ಟದ ಮೇಲಿಂದ ಇಳಿದು ಬರುವ ಮಳೆಯ ನೆರಳು. ಕಾಫಿ ಗಿಡವನ್ನೇ ಕಾಣದವರೂ ಹತ್ತು ಸೆಕೆಂಡು ನೋಡಿ, ಏನು ಮಾಡಬೇಕೆಂದು ತಿಳಿದುಕೊಂಡು ಆಡತೊಡಗಿದರು. ಮೊದಲ ಗೇಮ್‌ನ ವಿಷಯವನ್ನು ಹೀಗೆ ಆರಿಸಿರಿ: ನಮಗೆ ಒಳಗಿನಿಂದ ಗೊತ್ತಿರಬೇಕು, ಹೊರಗಿನವರಿಗೆ ವಿವರಿಸುವ ಅಗತ್ಯ ಬೀಳಬಾರದು, ಆರರಿಂದ ಒಂಬತ್ತು ತಿಂಗಳಲ್ಲಿ ಮುಗಿಯಬೇಕು.

ದೇವರು, ತೆರೆ ಎಂಬ ದೈವದ ಕುಣಿತ, ಕಾವೇರಿ ತೀರ್ಥೋದ್ಭವದಂಥ ನಂಬಿಕೆಯ ವಿಷಯಗಳನ್ನು ಬಳಸುವುದಾದರೆ ಆ ಊರಿನ ಹಿರಿಯರನ್ನು ಕೇಳಿಯೇ ಬಳಸಿ. ದುಡಿ, ಕೊಂಬು ನುಡಿಸುವವರ ವಾದನವನ್ನು ರೆಕಾರ್ಡ್ ಮಾಡಿದರೆ ಅವರಿಗೆ ಸಂಭಾವನೆ ಕೊಟ್ಟು, ಗೇಮ್‌ನಲ್ಲಿ ಬಳಸಿ ಮಾರುವ ಅನುಮತಿಯನ್ನು ಬರವಣಿಗೆಯಲ್ಲಿ ಪಡೆಯಿರಿ. ಅವರ ಕಲೆಯಿಂದ ನಮಗೆ ಹಣ ಬರುವಾಗ ಅವರಿಗೆ ಪಾಲು ಸಿಗದಿರುವುದು ನ್ಯಾಯವಲ್ಲ.

ಉಪಕರಣದ ಬಗ್ಗೆ ಹೆಚ್ಚು ದಿನ ಯೋಚಿಸಬೇಕಾಗಿಲ್ಲ. ಗೇಮ್ ಕಟ್ಟಲು ಬಳಸುವ ತಂತ್ರಾಂಶಕ್ಕೆ ಎಂಜಿನ್ ಎನ್ನುತ್ತಾರೆ. ಗೋಡೋ ಎಂಜಿನ್ ಸಂಪೂರ್ಣ ಉಚಿತ, ಯಾರಿಗೂ ಪಾಲು ಕೊಡಬೇಕಾಗಿಲ್ಲ. ಅನ್‌ರಿಯಲ್ ಎಂಜಿನ್ ಒಂದು ಗೇಮ್‌ನ ಆದಾಯ 10 ಲಕ್ಷ ಡಾಲರ್ ದಾಟುವವರೆಗೆ ರಾಯಧನ ಕೇಳುವುದಿಲ್ಲ. ಯೂನಿಟಿ ಕಂಪನಿ 2023ರಲ್ಲಿ ಪ್ರತಿ ಇನ್‌ಸ್ಟಾಲ್‌ಗೂ ಶುಲ್ಕ ವಿಧಿಸುವುದಾಗಿ ಪ್ರಕಟಿಸಿ, ಮರುವರ್ಷ ಅದನ್ನು ಕೈಬಿಟ್ಟಿತು. ಆದ್ದರಿಂದ ಎಂಜಿನ್ ಯಾವುದೇ ಆಗಲಿ, ಶುರು ಮಾಡುವ ದಿನದ ಷರತ್ತುಗಳ ಪ್ರತಿಯನ್ನು ಇಳಿಸಿ ಇಟ್ಟುಕೊಳ್ಳುವುದು ಒಳ್ಳೆಯದು. ಗೇಮ್‌ನಲ್ಲಿ ಕನ್ನಡ ಇಡುವ ಉದ್ದೇಶವಿದ್ದರೆ ಮೊದಲ ವಾರದಲ್ಲೇ 'ಕ್ಷೇತ್ರ', 'ಸ್ತ್ರೀ', 'ರಾಷ್ಟ್ರ' ಎಂಬ ಮೂರು ಪದಗಳನ್ನು ತೆರೆಯ ಮೇಲೆ ಬರೆಸಿ ನೋಡಿ. ಒತ್ತಕ್ಷರಗಳು ಕೆಳಗೆ ಕೂರದೆ ಒಂದರ ಪಕ್ಕ ಒಂದು ಸಾಲಾಗಿ ನಿಂತರೆ ಆ ಎಂಜಿನ್‌ಗೆ ನಮ್ಮ ಲಿಪಿ ಜೋಡಿಸಲು ಬರುವುದಿಲ್ಲ ಎಂದರ್ಥ. ಗೋಡೋದ 4ನೇ ಆವೃತ್ತಿಯಲ್ಲಿ ಇದು ಸರಿಯಾಗಿ ಬರುತ್ತದೆ.

ಗೇಮ್ ಮುಗಿಯುವವರೆಗಿನ ತಿಂಗಳುಗಳು

ಹೂವಿನ ಮಳೆಗೂ ಕೊಯ್ಲಿಗೂ ನಡುವೆ ತೋಟ ಹಣ ಕೊಡುವುದಿಲ್ಲ. ಗೇಮ್ ಕೂಡ ಹಾಗೆಯೇ. ಆ ಅವಧಿಯನ್ನು ದಾಟಿಸುವುದು ಕರಾರಿನ ಕೆಲಸ. ಬೇರೆಯವರ ಗೇಮ್‌ಗೆ ಚಿತ್ರ, ಅನಿಮೇಷನ್, ಕೋಡ್, ಪರೀಕ್ಷೆ, ಭಾಷಾಂತರ ಮಾಡಿಕೊಡುವವರಿಗೆ ಬೇಡಿಕೆ ಇದೆ, ಮತ್ತು ಈ ಕೆಲಸಕ್ಕೆ ಬೆಂಗಳೂರಿನಲ್ಲಿ ಮನೆ ಮಾಡಬೇಕಾಗಿಲ್ಲ. ಹಣವನ್ನು ಮಾತ್ರ ಹಂತ ಹಂತವಾಗಿ ಪಡೆಯಿರಿ. ನನ್ನ ಆರಂಭದ ದಿನಗಳಲ್ಲಿ ಒಂದು ಸಂಸ್ಥೆಗೆ ಎರಡು ತಿಂಗಳು ದುಡಿದು, ಎಲ್ಲ ಫೈಲುಗಳನ್ನೂ ಒಟ್ಟಿಗೆ ಒಪ್ಪಿಸಿದೆ. ಅರ್ಧದಷ್ಟು ಹಣ ಇಂದಿಗೂ ಬಂದಿಲ್ಲ. ಅಂದಿನಿಂದ ಮುಂಗಡವಾಗಿ ಶೇ 30 ಪಡೆಯುತ್ತೇನೆ, ನೋಡಲು ವಿಡಿಯೊ ಕಳುಹಿಸುತ್ತೇನೆ, ಮೂಲ ಫೈಲುಗಳನ್ನು ಆ ಹಂತದ ಹಣ ಖಾತೆಗೆ ಬಿದ್ದ ಮೇಲಷ್ಟೇ ಕೊಡುತ್ತೇನೆ. ಇನ್ನೊಂದು ಎಚ್ಚರಿಕೆಯೂ ಬೇಕು. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ರಮ್ಮಿಯಂಥ ಹಣದ ಆಟಗಳ ಕೆಲಸಕ್ಕೆ ಎಷ್ಟೇ ಹೆಚ್ಚು ಕೊಡುತ್ತೇವೆಂದರೂ ಕೈ ಹಾಕಬೇಡಿ.

ಕೊಡಗಿನವರಿಗೆ ಸುಲಭವಾಗಿ ದಕ್ಕುವ ಆದಾಯ ಮತ್ತೊಂದಿದೆ, ಅದನ್ನು ನಮ್ಮಲ್ಲಿ ಹೆಚ್ಚಿನವರು ಗಮನಿಸಿಲ್ಲ: ಶಬ್ದ. ಹೆಂಚಿನ ಮೇಲೆ ಬೀಳುವ ಜಡಿಮಳೆ, ತಗಡಿನ ಮೇಲೆ ಬೀಳುವ ಮಳೆ, ಮಳೆ ನಿಂತ ಮೇಲೆ ಸಿಲ್ವರ್ ಓಕ್ ಎಲೆಗಳಿಂದ ತೊಟ್ಟಿಕ್ಕುವ ನೀರು, ಸಂಜೆಯ ಜೀರುಂಡೆ, ತೋಡಿನ ಹರಿವು, ಒಣಗಿದ ಎಲೆಯ ಮೇಲಿನ ಹೆಜ್ಜೆ. ಒಂದು ಸಾಧಾರಣ ರೆಕಾರ್ಡರ್ ಇದ್ದರೆ ವಾಹನದ ಸದ್ದು ಸೋಕದ ಅರ್ಧ ಗಂಟೆಯ ಮಳೆಯನ್ನು ನಮ್ಮ ಹಿತ್ತಲಲ್ಲೇ ಹಿಡಿಯಬಹುದು. ನಗರದ ಸ್ಟುಡಿಯೊಗಳಿಗೆ ಅದು ಕಷ್ಟದ ಮಾತು. ಇಂಥ ಧ್ವನಿಗಳನ್ನು, ಹಾಗೆಯೇ ಗಿಡಮರ, ಮನೆ, ಬೇಲಿಗಳ ಚಿತ್ರಗಳನ್ನು ಕಟ್ಟು ಕಟ್ಟಾಗಿ ಇಚ್.ಐಒದಲ್ಲಿ, ಯೂನಿಟಿ ಅಸೆಟ್ ಸ್ಟೋರಿನಲ್ಲಿ, ಮಾರುವವರಿಗೆ ಶೇ 88 ಕೊಡುವ ಫ್ಯಾಬ್ ಎಂಬ ಅಂಗಡಿಯಲ್ಲಿ ಮಾರಬಹುದು. ದೊಡ್ಡ ಮೊತ್ತವಲ್ಲ, ಆದರೆ ಒಮ್ಮೆ ಮಾಡಿದ ಕೆಲಸ ವರ್ಷಗಟ್ಟಲೆ ಮಾರಾಟವಾಗುತ್ತಿರುತ್ತದೆ.

ಹಣ ಖಾತೆಗೆ ಬರುವ ದಾರಿ

ಬಿಡುಗಡೆಗೆ ಮೂರು ತಿಂಗಳ ಮೊದಲೇ ಈ ಕೆಲಸ ಮುಗಿಸಿ. ಸ್ಟೀಮ್‌ನಲ್ಲಿ ಬರೆಯುವ ಹೆಸರೂ ಬ್ಯಾಂಕ್ ಖಾತೆಯ ಹೆಸರೂ ಅಕ್ಷರಕ್ಕೆ ಅಕ್ಷರ ಒಂದೇ ಆಗಿರಬೇಕು. ನಮ್ಮಲ್ಲಿ ಇದು ಸಣ್ಣ ಮಾತಲ್ಲ: ಪಾನ್ ಕಾರ್ಡಿನಲ್ಲಿ ಮನೆತನದ ಹೆಸರು ಪೂರ್ತಿಯಾಗಿ ಮೊದಲಿಗೆ, ಪಾಸ್‌ಬುಕ್‌ನಲ್ಲಿ ಅದರ ಮೊದಲಕ್ಷರ ಮಾತ್ರ, ಆಧಾರ್‌ನಲ್ಲಿ ಕೊನೆಗೆ, ಹೀಗೆ ಮೂರು ಬಗೆಯಾಗಿರುವ ಮನೆಗಳು ಎಷ್ಟೋ ಇವೆ. ಮೊದಲು ಪಾನ್‌ಗೆ ತಕ್ಕಂತೆ ಬ್ಯಾಂಕಿನ ಹೆಸರನ್ನು ಸರಿಪಡಿಸಿಕೊಳ್ಳಿ. ತೆರಿಗೆಯ ಪ್ರಶ್ನಾವಳಿಯಲ್ಲಿ ಪಾನ್ ಸಂಖ್ಯೆ ಕೊಟ್ಟು ಒಪ್ಪಂದದ ಲಾಭ ಕೇಳಿಕೊಳ್ಳದಿದ್ದರೆ ಶೇ 15ರ ಬದಲು ಶೇ 30 ಮುರಿಯುತ್ತಾರೆ. ಹೀಗೆ ಅಲ್ಲಿ ಕಟ್ಟಿದ ತೆರಿಗೆಯನ್ನು ಇಲ್ಲಿನ ತೆರಿಗೆಯಲ್ಲಿ ಕಳೆಯಲು ಅವಕಾಶವಿರುವುದರಿಂದ ಅದರ ಪತ್ರಗಳನ್ನು ಜೋಪಾನವಾಗಿಡಬೇಕು.

ತೋಟವಿರುವವರು ಇನ್ನೊಂದು ವಿಷಯ ನೆನಪಿಡಬೇಕು. ಬೆಳೆದ ಕಾಫಿಯನ್ನು ಹಾಗೆಯೇ ಮಾರಿ ಬಂದ ಹಣ ಕೃಷಿ ಆದಾಯ. ಗೇಮ್‌ನ ಹಣ ಅಲ್ಲ. ಎರಡೂ ಒಂದೇ ಖಾತೆಯಲ್ಲಿ ಬೆರೆತರೆ ವರ್ಷದ ಕೊನೆಗೆ ಬಿಡಿಸುವುದು ಬಹಳ ಕಷ್ಟ, ಆದ್ದರಿಂದ ಬೇರೆ ಖಾತೆ ತೆರೆಯಿರಿ. ಜಿಎಸ್‌ಟಿಯಲ್ಲಿ ಸೇವೆಯ ರಫ್ತಿಗೆ ಶೂನ್ಯ ದರವಿದೆ, ಆದರೆ ಅದಕ್ಕೂ ಕ್ರಮಗಳಿವೆ; ವಿದೇಶಿ ಹಣದ ಅನುಭವವಿರುವ ಲೆಕ್ಕಪರಿಶೋಧಕರನ್ನು ಒಮ್ಮೆ ಕಾಣುವುದಕ್ಕೆ ಕೊಡುವ ಶುಲ್ಕ ವ್ಯರ್ಥವಾಗುವುದಿಲ್ಲ.

ಬಿಡುಗಡೆ, ಮಳೆ ಮತ್ತು ಮುಂದಿನ ತಿಂಗಳುಗಳು

ಗೇಮ್‌ನ ಪುಟವನ್ನು ಸ್ಟೀಮ್‌ನಲ್ಲಿ ಬಿಡುಗಡೆಗೆ ಎರಡು ವಾರ ಮೊದಲಾದರೂ ತೆರೆದಿಡಬೇಕೆಂಬ ನಿಯಮವಿದೆ. ನಾನು ಹೇಳುವುದು ಆರು ತಿಂಗಳು. ಪುಟ ಕಂಡವರು ಗೇಮ್ ಅನ್ನು ವಿಶ್‌ಲಿಸ್ಟ್‌ಗೆ, ಅಂದರೆ ತಮಗೆ ಬೇಕೆನಿಸಿದ ಗೇಮ್‌ಗಳ ಪಟ್ಟಿಗೆ, ಸೇರಿಸಿದರೆ, ಬಿಡುಗಡೆಯ ದಿನ ಅವರಿಗೆ ಸ್ಟೀಮ್‌ನಿಂದಲೇ ಇಮೇಲ್ ಹೋಗುತ್ತದೆ. ನಮ್ಮಂಥ ಒಬ್ಬಂಟಿಗರಿಗೆ ಇದಕ್ಕಿಂತ ಅಗ್ಗದ ಪ್ರಚಾರವಿಲ್ಲ. ಪುಟದ ಸಣ್ಣ ಚಿತ್ರವನ್ನು ಮಾತ್ರ ಸ್ವಂತಕ್ಕೆ ಬರೆಯಲು ಬಾರದಿದ್ದರೆ ಹಣ ಕೊಟ್ಟು ಬರೆಸಿ. ಅದನ್ನು ಹೆಬ್ಬೆರಳಿನ ಗಾತ್ರಕ್ಕೆ ಇಳಿಸಿ, ಕೈ ಚಾಚಿ ಹಿಡಿದ ಫೋನಿನಲ್ಲಿ ಮನೆಯವರಿಗೆ ತೋರಿಸಿ, ಗೇಮ್ ಯಾವುದರ ಬಗ್ಗೆ ಎಂದು ಕೇಳಿ. ಉತ್ತರ ತಪ್ಪಾದರೆ ಚಿತ್ರ ಬದಲಾಗಬೇಕು. ನನ್ನ ಮೊದಲ ಚಿತ್ರದಲ್ಲಿ ಟಾರ್ಪಾಲನ್ನು ಅಮ್ಮ ಕೆರೆ ಎಂದುಕೊಂಡಿದ್ದರು.

ಸ್ಟೀಮ್ ನೆಕ್ಸ್ಟ್ ಫೆಸ್ಟ್ ಎಂಬ, ಡೆಮೊಗಳ (ಉಚಿತವಾಗಿ ಆಡಿ ನೋಡಲು ಕೊಡುವ ಗೇಮ್ ತುಣುಕುಗಳ) ಹಬ್ಬ ವರ್ಷಕ್ಕೆ ಮೂರು ಬಾರಿ, ಫೆಬ್ರುವರಿ, ಜೂನ್, ಅಕ್ಟೋಬರ್‌ನಲ್ಲಿ ನಡೆಯುತ್ತದೆ. ಒಂದು ಗೇಮ್‌ಗೆ ಒಮ್ಮೆ ಮಾತ್ರ ಅವಕಾಶ, ಹಾಗಾಗಿ ಡೆಮೊ ಹದವಾಗಿದ್ದಾಗಲೇ ಅದನ್ನು ಬಳಸಬೇಕು. ಕೊಡಗಿನಲ್ಲಿರುವವರು ಜೂನ್ ಬಿಟ್ಟುಬಿಡಿ. ಮುಂಗಾರು ಹಿಡಿದ ಮೇಲೆ ತಂತಿಯ ಮೇಲೆ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಇಲ್ಲದಿರುವುದು, ಅದರ ಹಿಂದೆಯೇ ಇಂಟರ್‌ನೆಟ್ ಹೋಗುವುದು ಇಲ್ಲಿನ ವಾಡಿಕೆ. ಹಬ್ಬದ ವಾರದಲ್ಲಿ ದೋಷ ತಿದ್ದಿದ ಡೆಮೊ ಮೇಲೇರಿಸಲಾಗದೆ ಕುಳಿತರೆ ಸಿಕ್ಕ ಒಂದೇ ಅವಕಾಶ ಕೈತಪ್ಪುತ್ತದೆ. ಫೆಬ್ರುವರಿಯಲ್ಲಿ ಬಿಸಿಲಿದೆ, ಕರೆಂಟ್ ಇದೆ. ರೊಬಸ್ಟಾ ಕೊಯ್ಲು ಇನ್ನೂ ಮುಗಿಯದ ಮನೆಯವರು ಅಕ್ಟೋಬರ್ ನೋಡಿಕೊಳ್ಳಬಹುದು. ಮಳೆಗಾಲದ ತಿಂಗಳುಗಳನ್ನು ಚಿತ್ರ, ಧ್ವನಿ, ಬರವಣಿಗೆಗೆ ಮೀಸಲಿಡಿ. ಇನ್ವರ್ಟರ್ ಅತ್ಯಗತ್ಯ. ಕೆಲಸದ ಒಂದು ಪ್ರತಿ ಆನ್‌ಲೈನ್ ಭಂಡಾರದಲ್ಲಿಯೂ ಒಂದು ಪ್ರತಿ ಬೂಷ್ಟು ಹಿಡಿಯದಂತೆ ಮುಚ್ಚಳ ಬಿಗಿದ ಡಬ್ಬಿಯೊಳಗಿನ ಹಾರ್ಡ್ ಡಿಸ್ಕಿನಲ್ಲಿಯೂ ಇರಲಿ.

ಬಿಡುಗಡೆಯ ಮೊದಲ ದಿನಗಳ ಗುರಿ ಹತ್ತು ವಿಮರ್ಶೆಗಳು. ಅಷ್ಟಾದ ಮೇಲೆಯೇ ಸ್ಟೀಮ್ ಗೇಮ್‌ಗೆ ಒಟ್ಟಾರೆ ಅಭಿಪ್ರಾಯದ ಶ್ರೇಣಿ ತೋರಿಸುತ್ತದೆ. ಬಂಧುಗಳಿಗೆ ಗೇಮ್ ಪಡೆಯುವ ಸಂಕೇತವಾದ ಕೀಯನ್ನು ಉಚಿತವಾಗಿ ಹಂಚಿ ಬರೆಸಿದ ವಿಮರ್ಶೆ ಆ ಎಣಿಕೆಗೆ ಸೇರುವುದಿಲ್ಲ, ಹಣ ಕೊಟ್ಟು ಸ್ಟೀಮ್‌ನಲ್ಲೇ ಕೊಂಡವರದ್ದು ಮಾತ್ರ ಸೇರುತ್ತದೆ. ದೂರು ಬರೆದವರಿಗೆ ಆ ದಿನವೇ ವಿನಯದಿಂದ ಉತ್ತರಿಸಿ, ದೋಷ ತಿದ್ದಿ, ತಿದ್ದಿದ್ದನ್ನು ತಿಳಿಸಿ. ಮಾರಾಟ ಎರಡನೇ ವಾರದಿಂದ ಇಳಿಯುತ್ತದೆ, ಅದಕ್ಕೆ ಎದೆಗುಂದಬೇಡಿ. ಶೇ 20 ಅಥವಾ ಅದಕ್ಕಿಂತ ಹೆಚ್ಚು ರಿಯಾಯಿತಿ ಕೊಟ್ಟಾಗಲೆಲ್ಲ ವಿಶ್‌ಲಿಸ್ಟ್‌ನಲ್ಲಿ ಉಳಿದವರಿಗೆ ಮತ್ತೆ ಇಮೇಲ್ ಹೋಗುವುದರಿಂದ, ಮೊದಲ ವರ್ಷ ಶೇ 20, 25, 30 ಎಂದು ಮೆಲ್ಲಗೆ ಏರಿಸಿಕೊಂಡು ಹೋಗಿ. ಒಮ್ಮೆಲೇ ಶೇ 75ಕ್ಕೆ ಇಳಿಸಿದರೆ ಆಮೇಲೆ ಅದಕ್ಕಿಂತ ಹೆಚ್ಚು ಬೆಲೆ ಕೊಟ್ಟು ಕೊಳ್ಳುವವರು ಸಿಗುವುದಿಲ್ಲ. ತಿಂಗಳ ಮಾರಾಟದ ಹಣ ಮುಂದಿನ ತಿಂಗಳ ಕೊನೆಗೆ ಬರುತ್ತದೆ, ಅದೂ ಮೊತ್ತ 100 ಡಾಲರ್ ಮುಟ್ಟಿದ್ದರೆ. ಅಕ್ಟೋಬರ್‌ನಲ್ಲಿ ಮಾರಿದ್ದರ ಹಣವನ್ನು ಸುಗ್ಗಿ ಹಬ್ಬವಾದ ಪುತ್ತರಿಯ ಖರ್ಚಿಗೆಂದು ಮೊದಲೇ ಒಪ್ಪಿಕೊಳ್ಳುವ ಮುನ್ನ ಆ ವರ್ಷದ ಪುತ್ತರಿ ಯಾವ ದಿನ ಬೀಳುತ್ತದೆಂದು ನೋಡಿಕೊಳ್ಳಿ.