ಅಂಬಾಸಿಡರ್ ಟೈಮಿಂಗ್ ನಾನೇ ಕೂಡಿಸಿದ್ದು

ಕಲಬುರಗಿಯ ಮೇ ತಿಂಗಳ ಬಿಸಿಲಲ್ಲಿ ಯಾವ ಗಾಡಿ ಕಾಯ್ದರೂ ಜನ ಬೈಯುವುದು ಬಿಸಿಲನ್ನೇ. ನಾನೂ ಹಾಗೇ ಅಂದುಕೊಂಡಿದ್ದೆ. ಅಪ್ಪನ ಕಾಲದ ಅಂಬಾಸಿಡರ್ ಮಾರ್ಕ್ 4, ಪೆಟ್ರೋಲ್, 1489 ಸಿಸಿ. ಸೂಪರ್ ಮಾರ್ಕೆಟ್‌ಗೆ ಹೋಗಿ ಬರುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಮೇಲೆ ಹತ್ತಿ ಕೂತಿರುತ್ತಿತ್ತು. ಒಂದು ಗ್ಯಾರೇಜಿನಲ್ಲಿ ರೇಡಿಯೇಟರ್ ಬಿಚ್ಚಿ ತೊಳೆದರು, ಥರ್ಮೋಸ್ಟಾಟ್ ಬದಲಿಸಿದರು, ದುಡ್ಡು ಇಸ್ಕೊಂಡರು. ಮುಳ್ಳು ಮಾತ್ರ ಅಲ್ಲೇ.

ಕಾರಣ ಹೇಳಿದ್ದು ನಮ್ಮ ಓಣಿಯ ಚಾಚಾ. ಹಳೇ ಮೇಸ್ತ್ರಿ, ಈಗ ಕೆಲಸ ಬಿಟ್ಟಿದ್ದಾರೆ. ಬಾನೆಟ್ ಎತ್ತಲೂ ಇಲ್ಲ. "ಏರಿನ್ಯಾಗ ಕಟಕಟ ಅಂತದೇನು ತಮ್ಮಾ?" ಅಂತ ಕೇಳಿದರು. ಇಲ್ಲ, ಸದ್ದೇ ಇಲ್ಲ, ಸುಮ್ನೆ ಎಳೆಯುವುದಿಲ್ಲ ಅಂದೆ. "ಹಂಗಾದ್ರ ಟೈಮಿಂಗ್ ಹಿಂದ ಹೋಗ್ಯಾದ. ಮೊದಲ ಡೆಲ್ಕೋ ಮುಚ್ಚಳ ತೆಗಿ."

ಟೈಮಿಂಗ್ ಅಂದರೆ ಸಿಲಿಂಡರಿನಲ್ಲಿ ಕಿಡಿ ಹಾರುವ ಗಳಿಗೆ. ಡೆಲ್ಕೋ ಅಂದರೆ ಡಿಸ್ಟ್ರಿಬ್ಯೂಟರ್, ನಾಲ್ಕೂ ಪ್ಲಗ್‌ಗೆ ಸರದಿಯಂತೆ ಕಿಡಿ ಹಂಚುವ ಭಾಗ. ನಮ್ಮ ಕಡೆ ಗ್ಯಾರೇಜುಗಳಲ್ಲಿ ಅದಕ್ಕೆ ಇದೇ ಹೆಸರು. ಕಿಡಿ ತಡವಾಗಿ ಹತ್ತಿದರೆ ಪೆಟ್ರೋಲ್ ಪಿಸ್ಟನ್ ಕೆಳಗಿಳಿಯುವಾಗಲೂ ಉರಿಯುತ್ತಲೇ ಇರುತ್ತದೆ. ಗಾಡಿ ಎಳೆಯಬೇಕಾದ ಶಕ್ತಿಯೆಲ್ಲ ಬಿಸಿಯಾಗಿ ನೀರಿಗೂ ಸೈಲೆನ್ಸರಿಗೂ ಹೋಗುತ್ತದೆ. ಬೇಗ ಹತ್ತಿದರೆ ಏರಿನಲ್ಲಿ ಆ ಕಟಕಟ, ಅಂದರೆ ನಾಕಿಂಗ್, ಶುರು. ನನ್ನದು ಮೊದಲನೆಯ ರೋಗ.

ಮುಚ್ಚಳ ತೆಗೆದು ನೋಡಿದರೆ ಒಳಗಿನ ಪಾಯಿಂಟ್ (ಕಿಡಿ ಹುಟ್ಟಿಸುವ ಕಾಯಿಲ್‌ನ ಕರೆಂಟನ್ನು ಕೂಡಿಸಿ ಕಡಿಯುವ ಸ್ವಿಚ್) ನಡುವಿನ ಸಂದಿಯಲ್ಲಿ, ಸಂದಿ ಅಳೆಯುವ ಫೀಲರ್ ಗೇಜಿನ 8 ಥೌ ಎಲೆ ಕಷ್ಟಪಟ್ಟು ಹೋಯಿತು. ಇರಬೇಕಾದ್ದು 15 ಥೌ, ಅಂದರೆ 0.015 ಇಂಚು. ಅಸಲಿ ವಿಷಯ ಇಲ್ಲೇ ಇತ್ತು. ಡೆಲ್ಕೋ ನಡುವೆ ತಿರುಗುವ ಉಬ್ಬುಗಳ ಕ್ಯಾಮ್ ಮೇಲೆ ಉಜ್ಜುವ ಪಾಯಿಂಟಿನ ಹಿಮ್ಮಡಿ ಸವೆದಂತೆ ಸಂದಿ ಸಣ್ಣದಾಗುತ್ತದೆ. ಸಂದಿ ಸಣ್ಣದಾದರೆ ಪಾಯಿಂಟ್ ತಡವಾಗಿ ಬಿಚ್ಚುತ್ತದೆ. ಕಿಡಿ ಹುಟ್ಟುವುದು ಬಿಚ್ಚಿದಾಗಲೇ. ಯಾರೂ ಡೆಲ್ಕೋ ಮುಟ್ಟದಿದ್ದರೂ ಟೈಮಿಂಗ್ ತಾನೇ ಹಿಂದೆ ಬಿದ್ದಿತ್ತು! ಹಿಂದಿನ ಸಲ ಪಾಯಿಂಟ್ ಹಾಕಿದವರು ಕ್ಯಾಮ್‌ಗೆ ಒಂದು ಚಿಟಿಕೆ ಗ್ರೀಸ್ ಕೂಡ ಹಚ್ಚಿರಲಿಲ್ಲ.

ಹಳೇ ಪಾಯಿಂಟಿನಲ್ಲಿ ಒಂದು ಕಡೆ ಗುಳಿ, ಇನ್ನೊಂದು ಕಡೆ ಗುಬುಟು ಎದ್ದಿತ್ತು. ಅಂಥದ್ದರಲ್ಲಿ ಗೇಜ್ ಸುಳ್ಳು ಹೇಳುತ್ತದೆ. ಹೊಸ ಪಾಯಿಂಟ್, ಹೊಸ ಕಂಡೆನ್ಸರ್ ತಂದೆ.

ಬೆಳಿಗ್ಗೆ ಐದೂವರೆಗೆ ಅಂಗಳದ ಶಹಾಬಾದ್ ಫರ್ಸಿ ಮೇಲೆ ಕೆಲಸ ಶುರು ಮಾಡಿದೆ. ಆಮೇಲೆ ಆ ಕಲ್ಲಿನ ಮೇಲೆ ಬೆನ್ನು ಇಡಲು ಆಗುವುದಿಲ್ಲ. ಮೊದಲು ಸಂದಿ 15ಕ್ಕೆ ಇಟ್ಟೆ. ನಾಲ್ಕೂ ಪ್ಲಗ್ ಬಿಚ್ಚಿದೆ, ಎಂಜಿನ್ ಹಗುರಾಗಿ ತಿರುಗಲಿ ಅಂತ. ಮಗಳಿಗೆ ರೇಡಿಯೇಟರ್ ಕಡೆಯ ಒಂದನೇ ಪ್ಲಗ್ ತೂತಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿ ಅಂದೆ. ನಾನು ಮುಂದಿನಿಂದ ಹ್ಯಾಂಡಲ್ ಹಾಕಿ ನಿಧಾನ ತಿರುಗಿಸಿದೆ. "ಅಪ್ಪಾ, ಗಾಳಿ ದಬ್ಬಾಕತ್ತದ" ಅಂದಳು. ಅದು ಕಂಪ್ರೆಷನ್, ಒಂದನೇ ಪಿಸ್ಟನ್ ಗಾಳಿ ಒತ್ತುತ್ತಾ ಮೇಲೆ ಬರುತ್ತಿದೆ ಅಂತ. ಇದನ್ನು ನೋಡದೆ ಬರೀ ಗುರುತು ಕೂಡಿಸಿದರೆ ನಾಲ್ಕನೇ ಸಿಲಿಂಡರಿಗೆ ಕೂಡಿಸಿರಲೂಬಹುದು. ನಾನು ಒಮ್ಮೆ ಹಾಗೆ ಮಾಡಿ ಅರ್ಧ ದಿನ ಕಳೆದಿದ್ದೇನೆ.

ಈ ಎಂಜಿನ್ನಿನ ಟೈಮಿಂಗ್ ಗುರುತು ಕ್ರ್ಯಾಂಕಿನ, ಅಂದರೆ ಪಿಸ್ಟನ್‌ಗಳು ತಿರುಗಿಸುವ ದಂಡದ, ಮುಂದಿನ ಪುಲ್ಲಿ ಕೆಳಗಿದೆ, ಮಲಗಿಯೇ ನೋಡಬೇಕು. ಉದ್ದನೆ ಮುಳ್ಳು ಅಂದರೆ ಪಿಸ್ಟನ್ ತುದಿಯಲ್ಲಿದೆ ಅಂತ. ಪಕ್ಕದ ಎರಡು ಗಿಡ್ಡ ಮುಳ್ಳು ಅದಕ್ಕಿಂತ 5 ಮತ್ತು 10 ಡಿಗ್ರಿ ಮೊದಲು. ಪುಲ್ಲಿಯ ಕಚ್ಚಿಗೆ ಸೀಮೆಸುಣ್ಣ ತುಂಬಿ 5ರ ಮುಳ್ಳಿಗೆ ತಂದೆ. ಸ್ವಲ್ಪ ದಾಟಿಹೋಯಿತು. ಅಲ್ಲಿಂದಲೇ ಹಿಂದೆ ತಂದು ನಿಲ್ಲಿಸಬಾರದು, ಚೈನಿನ ಸಡಿಲ ಮೋಸ ಮಾಡುತ್ತದೆ. ಸಾಕಷ್ಟು ಹಿಂದೆ ಹೋಗಿ ಮತ್ತೆ ಮುಂದಕ್ಕೇ ಬಂದೆ. ನಿಮ್ಮ ಎಂಜಿನ್‌ಗೆ ಎಷ್ಟು ಡಿಗ್ರಿ ಅನ್ನುವುದನ್ನು ಅದರ ಪುಸ್ತಕದಲ್ಲೇ ನೋಡಿ.

ಆಮೇಲೆ 12 ವೋಲ್ಟ್ ಬಲ್ಬು. ಒಂದು ವೈರ್ ಡೆಲ್ಕೋಗೆ ಕಾಯಿಲ್‌ನಿಂದ ಬರುವ ಸಣ್ಣ ವೈರಿನ ಟರ್ಮಿನಲ್‌ಗೆ, ಇನ್ನೊಂದು ಬಾಡಿಗೆ. ಸ್ವಿಚ್ ಹಾಕಿದೆ. ಕ್ಲ್ಯಾಂಪ್ ಸಡಿಲಿಸಿ ಡೆಲ್ಕೋವನ್ನು ಗಡಿಯಾರದ ವಿರುದ್ಧ ತಿರುಗಿಸಿದೆ, ಬಲ್ಬು ಆರಿತು. ಡೆಲ್ಕೋ ಒಳಗೆ ಕಿಡಿ ಹಂಚುವ ರೋಟರ್ ತಿರುಗುವುದೂ ಅದೇ ದಿಕ್ಕಿಗೆ. ಈಗ ಗಡಿಯಾರದಂತೆ, ಕೂದಲೆಳೆಯಷ್ಟು ಕೂದಲೆಳೆಯಷ್ಟು. ಟಕ್ ಅಂತ ಹತ್ತಿತು. ಪಾಯಿಂಟ್ ಬಿಚ್ಚಿದ ಗಳಿಗೆ ಅದೇ. ಅಲ್ಲೇ ಬಿಗಿ ಮಾಡಿದೆ. ಬಿಗಿ ಮಾಡುವಾಗ ಅದು ಜರುಗುತ್ತದೆ, ಮೂರು ಸಲ ಮಾಡಬೇಕಾಯಿತು. ಡೆಲ್ಕೋ ಒಂದು ಡಿಗ್ರಿ ಜರುಗಿದರೆ ಕ್ರ್ಯಾಂಕ್‌ಗೆ ಅದು ಎರಡು ಡಿಗ್ರಿ, ನೆನಪಿರಲಿ. ಸ್ವಿಚ್ ಸುಮ್ನೆ ಹಾಕಿ ಬಿಡಬೇಡಿ, ಕಾಯಿಲ್ ಕಾಯುತ್ತದೆ.

ಪ್ಲಗ್ ಹಾಕಿದೆ, ವೈರ್‌ಗಳನ್ನು ಸಿಲಿಂಡರುಗಳಲ್ಲಿ ಕಿಡಿ ಹಾರುವ ಸರದಿಯಂತೆ 1-3-4-2 ಕೂಡಿಸಿದೆ, ಹ್ಯಾಂಡಲ್ ಹೊಡೆದೆ. ಹೆಬ್ಬೆರಳು ಉಳಿದ ಬೆರಳುಗಳ ಜೊತೆಗೇ ಇರಲಿ, ಹಿಡಿಕೆ ಸುತ್ತಬೇಡಿ. ಟೈಮಿಂಗ್ ಮುಂದಿದ್ದರೆ ಹ್ಯಾಂಡಲ್ ತಿರುಗಿ ಒದೆಯುತ್ತದೆ. ಎರಡನೇ ಹೊಡೆತಕ್ಕೆ ಎದ್ದಿತು.

ಬಲ್ಬು ಹೇಳುವುದು ನಿಂತ ಎಂಜಿನ್ನಿನ ಮಾತು. ಓಡುವಾಗ ಡೆಲ್ಕೋ ಒಳಗಿನ ತೂಕಗಳು ಟೈಮಿಂಗನ್ನು ಇನ್ನೂ ಮುಂದೆ ತಳ್ಳುತ್ತವೆ, ಅದನ್ನು ರಸ್ತೆಯಲ್ಲೇ ಕೇಳಬೇಕು. ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರದವರೆಗೆ ಹೋದೆ. ಏರು ಸಿಕ್ಕಲ್ಲಿ ಟಾಪ್ ಗೇರಿನಲ್ಲೇ ಪೂರ್ತಿ ಒತ್ತಿದೆ. ಕ್ಷಣಕಾಲ ಕಟಕಟ ಅಂದು ಸುಮ್ಮನಾಯಿತು. ಅಷ್ಟಿದ್ದರೆ ನನಗೆ ಒಪ್ಪಿಗೆ. ಟೆಂಪರೇಚರ್ ಮುಳ್ಳು ನಡುವೆಯೇ ನಿಂತಿತ್ತು. ಕಮಲಾಪುರದ ಕೆಂಪು ಬಾಳೆಹಣ್ಣು ಒಂದು ಡಜನ್ ತಂದು ಚಾಚಾಗೆ ಕೊಟ್ಟೆ.

ಹೊಸ ಹಿಮ್ಮಡಿ ಶುರುವಿನಲ್ಲಿ ಬೇಗ ಸವೆಯುತ್ತದೆ. ಒಂದು ತಿಂಗಳಾದ ಮೇಲೆ ನೋಡಿದರೆ 15 ಇದ್ದದ್ದು 13ಕ್ಕೆ ಬಂದಿತ್ತು. ಸಂದಿ ಸರಿಮಾಡಿ, ಮತ್ತೆ ಮಗಳನ್ನು ಎಬ್ಬಿಸಿ, ಬಲ್ಬು ಹಚ್ಚಿದೆ.