ಬಣ್ಣ ಬಿಟ್ಟು ತುದಿ ನೋಡಿದೆ, ಹೊನ್ನೆ ಸಿಕ್ಕಿತು

ಎರಡು ವರ್ಷದ ಹಿಂದೆ ಸಾಗರದ ಹತ್ತಿರ ಒಂದು ಹಳೆ ಮನೆ ಕೀಳುತ್ತಿದ್ದರು. ಅಡಿಗೆಮನೆ ಅಟ್ಟದ ಹನ್ನೊಂದು ತೊಲೆ ಅಂಗಳದಲ್ಲಿ ಬಿದ್ದಿದ್ದವು. ಮೈಯೆಲ್ಲ ಒಲೆ ಹೊಗೆಯ ಇಲ್ಲಣ, ಡಾಂಬರು ಬಳಿದ ಹಾಗೆ. ಮನೆಯವರು ಮತ್ತಿ ಮರ ಅಂದರು. ನಾಟಾ ವ್ಯಾಪಾರಿ ಕಾಡುಜಾತಿ, ಅಂದರೆ ಕಡಿಮೆ ರೇಟಿನ ಮಾಮೂಲಿ ಕಾಡುಮರ ಅಂದ. ನನ್ನ ಜೊತೆ ಬಂದಿದ್ದ ಹಿರಿಯ ಆಚಾರಿ ಉಳಿಯಲ್ಲಿ ಒಂದು ಚೂರು ಎಬ್ಬಿಸಿ, "ಹಲಸು ಕಣೋ, ಹಳೇದಾಗಿ ಕಂದಿದೆ" ಅಂದರು. ಮೂರು ಜನ, ಮೂರು ಮರ. ಮೂವರೂ ನೋಡಿದ್ದು ಬಣ್ಣವನ್ನೇ.

ಬಣ್ಣ ನಂಬಿ ನಾನು ಒಮ್ಮೆ ಸರಿಯಾಗಿ ಪೆಟ್ಟು ತಿಂದಿದ್ದೇನೆ. ತೇಗ ಅಂತ ಆರು ಜೋಡಿ ಬಾಗಿಲು ತಂದಿದ್ದೆ, ಸುಮಾರು 40,000 ರೂಪಾಯಿ. ಪಾಲಿಶ್ ಮಿರಮಿರ ಅಂತಿತ್ತು. ಮನೆಗೆ ತಂದು ತೋಪಡ ಹೊಡೆದು ಮೇಲ್ಮೈ ಕೀಸಿದರೆ ಒಳಗೆ ನಸುಗೆಂಪು. ಕೈಗೆ ಎಣ್ಣೆಜಿಡ್ಡು ಇಲ್ಲ, ತೇಗದ ಆ ಚರ್ಮದ ವಾಸನೆಯೂ ಇಲ್ಲ. ನಂದಿ ಮರ! ನಂದಿ ಕೆಟ್ಟ ಮರ ಅಲ್ಲ, ಆದರೆ ತೇಗದ ರೇಟು ಕೊಟ್ಟು ತರುವ ಮರವೂ ಅಲ್ಲ. ಮಾರಿದಾಗ 26,000 ಬಂತೋ 27,000 ಬಂತೋ. ನಮ್ಮನೆಯಲ್ಲಿ ಇವತ್ತಿಗೂ ಆ ಬಾಗಿಲ ಸುದ್ದಿ ಏಳುತ್ತದೆ.

ಆಮೇಲೆ ಮರದ ತುದಿಯ ಸಣ್ಣ ರಂಧ್ರ ನೋಡಿ ಜಾತಿ ಗುರುತಿಸೋಣ ಅಂತ ಹತ್ತು ಪಟ್ಟು ದೊಡ್ಡದು ಮಾಡುವ ಲೆನ್ಸ್ ತಂದೆ, 300 ರೂಪಾಯಿಯದು. ಮೊದಲ ಆರು ತಿಂಗಳು ಏನೂ ತಿಳಿಯಲಿಲ್ಲ. ಗರಗಸ ಹೊಡೆದ ತುದಿಯನ್ನು ಹಾಗೇ ನೋಡುತ್ತಿದ್ದೆ, ನಾರು ಹರಿದು ರಂಧ್ರ ಮುಚ್ಚಿರುತ್ತಿತ್ತು. ಸ್ಯಾಂಡ್ ಪೇಪರ್ ಹಾಕಿದರೆ ರಂಧ್ರಕ್ಕೆಲ್ಲ ಧೂಳು. ಕೊನೆಗೆ ಕೈಹಿಡಿದದ್ದು ಗಡ್ಡ ಕೆರೆಯುವ ಬ್ಲೇಡು. ತುದಿಯನ್ನು ಬಿಸಿನೀರಲ್ಲಿ ಒದ್ದೆ ಮಾಡಿ, ಉಗುರಗಲ ಜಾಗವನ್ನು ಒಂದೇ ಎಳೆತಕ್ಕೆ ತೆಳ್ಳಗೆ ಸವರಬೇಕು. ಒಂದು ಬ್ಲೇಡು ಎರಡು ಸಲಕ್ಕೆ, ಮೂರನೇ ಸಲ ಹಿಡಿಯಲೇಬೇಡಿ. ಸವರಿದ ಮೇಲೆ ನಾನು ಒಂದು ಸಾಮಾನು ತಿಕ್ಕುತ್ತೇನೆ, ರಂಧ್ರ ಎದ್ದು ಕಾಣುತ್ತದೆ. ಅದು ಏನು ಅಂತ ಹೇಳಲ್ಲ. ಎಲ್ಲರ ಅಡಿಗೆಮನೆಯಲ್ಲೂ ಇದೆ, ಹುಡುಕಿಕೊಳ್ಳಿ.

ಅಂಗಳದಲ್ಲೇ ಒಂದು ತೊಲೆಯ ತುದಿ ಸವರಿದೆ. ಮತ್ತಿ ಆಗಿದ್ದರೆ ರಂಧ್ರಗಳು ಎಲ್ಲ ಕಡೆ ಚದುರಿ, ಸುತ್ತ ಮಸುಕು ಅಂಚು ಇರಬೇಕು, ಕಣ್ಣಿನ ಹಾಗೆ. ಹಲಸೂ ಹೆಚ್ಚುಕಡಿಮೆ ಹಾಗೇ, ರಂಧ್ರ ಮಾತ್ರ ದಪ್ಪ. (ಹಲಸು, ಹೆಬ್ಬಲಸು ಬೇರೆ ಮಾಡುವುದು ಇವತ್ತಿಗೂ ನನ್ನ ಕೈಲಿ ಆಗಿಲ್ಲ.) ಇದರಲ್ಲಿ ರಂಧ್ರ ದೊಡ್ಡದರಿಂದ ಸಣ್ಣದಕ್ಕೆ ಇಳಿಯುತ್ತಿತ್ತು. ನಡುವೆ ತಿಳಿ ಬಣ್ಣದ ಸಪೂರ ಅಲೆಗೆರೆ. ಮಗ್ಗುಲಲ್ಲಿ ಸ್ವಲ್ಪ ಕೀಸಿ ಬೆಳಕಿಗೆ ಓರೆಯಾಗಿ ಹಿಡಿದೆ. ಅಡ್ಡಡ್ಡ ಸಣ್ಣ ಗೆರೆ, ಕೆರೆ ನೀರಿಗೆ ಗಾಳಿ ಬಡಿದ ಹಾಗೆ. ಬೀಟೆಯಲ್ಲಿ ಅದು ಬರುತ್ತದೆ, ಹೊನ್ನೆಯಲ್ಲೂ ಬರುತ್ತದೆ. ಬೀಟೆ ಅಂತೂ ಅಲ್ಲವೇ ಅಲ್ಲ. "ಹೊನ್ನೆ" ಅಂದೆ. "ಭೂತಗನ್ನಡಿ ಹಿಡಿದು ಮರ ನೋಡ್ತಾನಂತೆ" ಅಂತ ಆಚಾರಿ ನಕ್ಕರು. ವ್ಯಾಪಾರಿ ಕಾಡುಜಾತಿ ರೇಟೇ ಹೇಳಿದ, ಘನ ಅಡಿಗೆ ಅಂದರೆ ಸಿಎಫ್‌ಟಿಗೆ 700. ನಾನೇಕೆ ಬಾಯಿ ಬಿಡಲಿ? 46 ಸಿಎಫ್‌ಟಿ ಚಿಲ್ಲರೆ ಇತ್ತು, 32,000 ಕೊಟ್ಟೆ. ಲಾರಿ, ಸಾಗಣೆ ಪಾಸು ಅಂತ ಇನ್ನೊಂದು 4,500.

ಮನೆಗೆ ತಂದ ಮೇಲೆ ಹೆದರಿಕೆ ಶುರುವಾಯಿತು. ತೂಕ ಹಾಕಿದೆ, ಸಿಎಫ್‌ಟಿಗೆ 23 ಕೆ.ಜಿ. ಹತ್ತಿರ ಬಂತು. ಹೊನ್ನೆಗೆ ಸರಿ, ಆದರೆ ಮತ್ತಿ 24-25 ತೂಗುತ್ತದೆ. ಅಷ್ಟು ವ್ಯತ್ಯಾಸ ಮಳೆಗಾಲದ ತೇವಕ್ಕೇ ಬರುತ್ತೆ ಅಲ್ವಾ? ಸುಮ್ನೆ ಕೆಲಸ.

ಆಗ ನೆನಪಾಗಿದ್ದು ಸಕ್ಕರೆ ಕಾಯಿಲೆಯವರು ನೀರು ಕುಡಿಯುವ ಹೊನ್ನೆ ಲೋಟ. ಗಾಜಿನ ಲೋಟದ ನೀರಿಗೆ ಕೀಸಿದ ಹೊಟ್ಟು ಹಾಕಿದೆ. ಕಪ್ಪು ಕಾಫಿಯಾಯಿತು, ಅಷ್ಟೇ. ಇಲ್ಲಣ ಹಿಡಿದ ಮೇಲ್ಮೈಯದನ್ನೇ ಹಾಕಿದ್ದೆ, ದಡ್ಡ ನಾನು. ಎರಡಿಂಚು ಒಳಗಿನ ಕೆಚ್ಚಿನಿಂದ ತೆಗೆದು ಮತ್ತೆ ಹಾಕಿ ಒಂದು ಗಂಟೆ ಬಿಟ್ಟೆ. ಬೆಳಗಿನ ಬಿಸಿಲಲ್ಲಿ ಹಿಂದೆ ಕಪ್ಪು ಬಟ್ಟೆ ಹಿಡಿದು ನೋಡಿದರೆ, ಚಹಾ ಬಣ್ಣದ ನೀರಿನ ಅಂಚಿಗೆ ನೀಲಿ! ರೇಷನ್ ಸೀಮೆಎಣ್ಣೆಯ ನೀಲಿ, ಹೊನ್ನೆಯ ಗುರುತು. ಆಚಾರಿಯನ್ನು ಕರೆದು ತೋರಿಸಿದೆ. ಎರಡು ಸಲ ಲೋಟ ತಿರುಗಿಸಿದರು, ಎಲೆಅಡಿಕೆ ಹಾಕಿಕೊಂಡರು, ಮಾತಾಡಲಿಲ್ಲ.

ಹುಚ್ಚಿಗೆ ನಿಂಬೆರಸ ಹಿಂಡಿದೆ. ನೀಲಿ ಮಾಯ. ಆಚಾರಿಯ ಸಂಚಿಯಿಂದ ಸುಣ್ಣ ಹಾಕಿದೆ, ವಾಪಸ್ ಬಂತು. ಮಕ್ಕಳಿಗೆ ಒಂದು ವಾರ ಅದೇ ಆಟ.

ಸಾ ಮಿಲ್ಲಿನವರು ಮಾತ್ರ ಹೊನ್ನೆ ಅಂತ ಒಪ್ಪಲಿಲ್ಲ. ಬೆಂಗಳೂರಿಗೆ ಹೋದಾಗ ಮಲ್ಲೇಶ್ವರದ ಮರ ವಿಜ್ಞಾನ ಸಂಸ್ಥೆಗೆ ಒಂದು ತುಂಡು ಕೊಟ್ಟು ಬಂದೆ. ಅವರೂ ಹೊನ್ನೆ ಅಂತಲೇ ಬರೆದುಕೊಟ್ಟರು. ಅದನ್ನು ತೋರಿಸಿದ ಮೇಲೆ ಮಿಲ್ಲಿನವರು ಸೀಳಿಕೊಟ್ಟರು. ಒಂದು ಹಳೆ ಮೊಳೆ ಸಿಕ್ಕಿ ಬ್ಲೇಡು ಹೋಯಿತು, 1,500 ನನ್ನ ತಲೆಗೇ. ಸೀಳಿದ್ದರಲ್ಲಿ 30 ಸಿಎಫ್‌ಟಿ ಆಸುಪಾಸು 1,900ರ ಹಾಗೆ ಮಾರಿದೆ. ಬಾಗಿಲ ಸಾಲ ತೀರಿತು.

ಮಾರುವ ಮುಂಚೆ ಪ್ರತಿ ತೊಲೆಯದ್ದೂ ಬೇರೆ ಬೇರೆ ಲೋಟದಲ್ಲಿ ಹಾಕಿ ನೋಡಿದ್ದೆ. ಹತ್ತು ನೀಲಿ ಬಿಟ್ಟವು. ಹನ್ನೊಂದನೆಯದು ಬಿಡಲಿಲ್ಲ. ತುದಿ ಸವರಿದರೆ ಮತ್ತಿಯೂ ಅಲ್ಲ, ಹಲಸೂ ಅಲ್ಲ. ಅದನ್ನು ಮಾರಿಲ್ಲ, ಸೀಳಿಸಿಲ್ಲ. ಕೊಟ್ಟಿಗೆ ಮೂಲೆಯಲ್ಲಿ ನಿಲ್ಲಿಸಿ ಸೀಮೆಸುಣ್ಣದಲ್ಲಿ ಒಂದು ಪ್ರಶ್ನೆ ಗುರುತು ಹಾಕಿಟ್ಟಿದ್ದೇನೆ.